ಅರಮನೆ ಬಯಲಿನಲ್ಲಿ ಅವ್ವನ ಭಜನೆ

ಗೆಳೆಯರೆ, ಮಂಡ್ಯದ ಬೆಲ್ಲದ ಮಂಡಿಯಲ್ಲಿ ಗಳಿಸಿದ ಮಾನವನ್ನೆಲ್ಲ ಇವತ್ತು ಸಂಜೆ ಮೈಸೂರಿನ ಅರಮನೆ ಬಯಲಿನ ಸಂಗೀತ ಕಛೇರಿಯಲ್ಲಿ ಖರ್ಚು ಮಾಡಿ ಬಂದೆ.

ವಿದ್ವಾಂಸರು ದೇವರನಾಮದ ಮೊದಲ ಸಾಲು ಹಾಡಿ ನಿಲ್ಲಿಸಿದ್ದೇ ತಡ, ನಮ್ಮವ್ವ ನಮ್ಮೂರು ಗುತ್ತಲಿನ ಭಜನೆಯಲ್ಲಿ ಮಾಡುವಂತೆ ಅದನ್ನೇ ಎತ್ತರದ ದನಿಯಲ್ಲಿ ತಿರುಗಿ ಹಾಡಿದಳು. ಜರಿಪೇಟಗಳೆಲ್ಲ ನಮ್ಮತ್ತ ತಿರುಗಿದವು. ಯಾರದೋ ತಾಯಿ ಎಂಬಂತೆ ನಾನು ಬೇರೆ ಕಡೆ ನೋಡಿದೆ. ಕಾವಲಿನವನು ಬಂದು, "ಸುಮ್ಕೆ ಕೇಳ್ಬೇಕು ಕಣಮ್ಮ" ಎಂದ.

"ಪಾಪ, ಒಬ್ರೇ ಪದ ಏಳ್ತಾವ್ರೆ. ನಾವು ದನಿ ಸೇರಿಸ್ದಿದ್ರೆ ಎಂಗಪ್ಪ?" ಎಂದು ಅವ್ವ ಮುನಿಸಿಕೊಂಡು ಬಾಯಿ ಮುಚ್ಚಿದಳು.

ವಿದ್ವಾಂಸರು ನಕ್ಕರು. ಎರಡನೆಯ ಸಾಲು ಹಾಡಿ, ಅವ್ವನತ್ತ ಕೈಚಾಚಿ ಕಾದರು. ಅವ್ವ ಜಪ್ಪಯ್ಯ ಅನ್ನಲಿಲ್ಲ. ಇಡೀ ಬಯಲು ಕಾಯುತ್ತಿತ್ತು. ಕೊನೆಗೆ ನಾನೇ ಹಾಡಿದೆ.

ಅವ್ವ ಕಾವಲಿನವನನ್ನು ಕೂಗಿ ಕರೆದಳು: "ಇವುನ್ನ ಸುಮ್ಕಿರ್ಸಪ್ಪ ಮೊದ್ಲು."