ಜರೀನಾಬಿ ಮಾರಿದ ಕಾಟಾ

ನವಲಗುಂದದ ಸಂತೆಯಲ್ಲಿ ಜರೀನಾಬಿಯನ್ನು ಅರಿಯದ ರೈತನಿಲ್ಲ. ಅವಳ ಅಪ್ಪ ದಾವೂದಸಾಬ ತಕ್ಕಡಿ ರಿಪೇರಿ ಮಾಡುತ್ತಿದ್ದ. ಸಂತೆಯ ದಿನ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿ ಕೂತು, ಸೊಟ್ಟಗಾದ ದಂಡಿಗೆ ನೆಟ್ಟಗೆ ಮಾಡಿ, ತೂಗುವ ತಟ್ಟೆಗೆ, ಅಂದರೆ ಪರಡಿಗೆ, ಹೊಸ ಸರಪಳಿ ಹಾಕಿ ಕೊಡುತ್ತಿದ್ದ. ಅಣ್ಣಿಗೇರಿಗೆ ಮದುವೆಯಾಗಿ ಹೋಗಿದ್ದ ಮಗಳು ಗಂಡ ತೀರಿದ ಮೇಲೆ ವಾಪಸು ಬಂದು ಅಪ್ಪನ ಬಾಜೂಕೇ ಕೂತಳು. ಹೆಣ್ಣುಮಗಳು ತಕ್ಕಡಿ ಮುಟ್ಟಿದರೆ ಸಂತೆಯೇ ಮುಳುಗಿತು ಎನ್ನುವಂತೆ ಮಾತಾಡಿದವರು ಇದ್ದರು. ಅವರ ಬಾಯಿಗೆ ಬೀಗ ಜಡಿಯಲು ಅವಳ ನಾಲಿಗೆಯೇ ಸಾಕಾಯಿತು.

ನಾನು ತಿರ್ಲಾಪುರದಲ್ಲಿ ಹತ್ತಿ ಬೆಳೆಯುವವಳು. ಸಿಟ್ಟಿನವಳು ಎಂದು ನಮ್ಮೂರಲ್ಲಿ ನನಗೆ ಹೆಸರಿದೆ, ಅದು ಸುಳ್ಳೂ ಅಲ್ಲ. ಸಂತೆಗೆ ಹೋದಾಗಲೆಲ್ಲ ಜರೀನಾಬಿಯ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತೇನೆ, ಏಕೆಂದರೆ ಅವಳ ಸಿಟ್ಟು ನನ್ನದಕ್ಕಿಂತ ಒಂದು ಕೈ ಹೆಚ್ಚು.

ನಮ್ಮ ಕಡೆ ತೂಕದ ಯಂತ್ರಕ್ಕೆ ಕಾಟಾ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಕಾಟಾಗಳು ಬಂದ ಹೊಸತರಲ್ಲಿ ಅಂಕಿ ಕಾಣುತ್ತಿದ್ದದ್ದು ವ್ಯಾಪಾರಿಯ ಕಡೆಗೆ ಮಾತ್ರ. ಅವನು ಹೇಳಿದ್ದೇ ತೂಕ. ಆಗ ಹುಬ್ಬಳ್ಳಿಯಲ್ಲಿ ಸರಿತೂಕ ಎಂಬ ಕಂಪನಿ ಶುರುವಾಯಿತು. ಅದರ ಮಾಲಕರು ನಮ್ಮ ಸಂತೆಗೆ ತಾವೇ ಬಂದರು. ವ್ಯಾಪಾರಿಗಳ ಗಾದಿಯ ಮೇಲೆ ಕೂರದೆ ಜರೀನಾಬಿಯ ತಟ್ಟಿನ ಮೇಲೆ ಕೂತು, ಕಾಟಾದಲ್ಲಿ ಏನಿರಬೇಕು ಎಂದು ರೈತರನ್ನು ಕೇಳಿದರು.

"ನಮಗೂ ಕಾಣಬೇಕ್ರಿ" ಎಂದರು ರೈತರು.

ಮುಂದೆ ಬಂದ ಸರಿತೂಕ ಕಾಟಾಗಳಿಗೆ ಎರಡು ಮುಖ. ಒಂದೇ ಅಂಕಿ, ಕೊಳ್ಳುವವನಿಗೂ ಕಾಣುತ್ತದೆ, ಮಾರುವವನಿಗೂ ಕಾಣುತ್ತದೆ. ಇಷ್ಟರಿಂದಲೇ ಕಂಪನಿ ಎದ್ದು ನಿಂತಿತು. ಶಲವಡಿ, ತಿರ್ಲಾಪುರ ಎನ್ನದೆ ಎಲ್ಲ ಕಡೆಯ ರೈತರು ಸರಿತೂಕ ಇಲ್ಲದ ಅಂಗಡಿಯ ಮುಂದೆ ಚೀಲ ಇಳಿಸಲು ಒಪ್ಪಲಿಲ್ಲ. ವ್ಯಾಪಾರಿಗಳು ಹಲ್ಲು ಕಡಿಯುತ್ತಲೇ ಕೊಂಡರು. ಕಂಪನಿಯ ಏಜೆಂಟಾಗಿ ಅವನ್ನು ಮಾರತೊಡಗಿದ ಜರೀನಾಬಿ ಪ್ರತಿ ಕಾಟಾದ ಜೊತೆಗೆ ತನ್ನ ಮಾತನ್ನೂ ಕೊಟ್ಟಳು. ರೈತರು ನಂಬಿದ್ದು ಆ ಮಾತನ್ನು.

ಕಂಪನಿಯ ಹಿರಿಯ ಮಾಲಕರು ತೀರಿಹೋಗಿ ಅವರ ಮಗ ಹೇಮಂತ ಕುರ್ಚಿಗೆ ಬಂದ. ಅಷ್ಟರಲ್ಲಿ ದಿಲ್ಲಿಯ ಕಡೆಯ ಅಗ್ಗದ ಕಾಟಾಗಳು ಬಂದು ವ್ಯಾಪಾರ ಕುಸಿಯತೊಡಗಿತ್ತು. ಇವನು ಮೊದಲು ಮಾಡಿದ್ದು ರಿಪೇರಿಯವರನ್ನು ಕೆಲಸದಿಂದ ಬಿಡಿಸಿದ್ದು. ಆಮೇಲೆ ಕಾಟಾದ ಬಣ್ಣ ಬದಲಿಸಿದ. ಏಜೆಂಟರನ್ನು ದೊಡ್ಡ ಹೋಟೆಲಿಗೆ ಕರೆದು ಊಟ ಹಾಕಿ, ಪರದೆಯ ಮೇಲೆ ಏರುವ ಗೆರೆ ಇಳಿಯುವ ಗೆರೆ ತೋರಿಸಿದ. ಸಂತೆಗೆ ಮಾತ್ರ ಒಂದು ಸಲವೂ ಕಾಲಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನೂ ಮಾರ್ಕೆಟ್ ಸರಿಯಿಲ್ಲ, ಮಾರ್ಕೆಟ್ ಸರಿಯಿಲ್ಲ ಎಂದೇ ಹೇಳುತ್ತಿದ್ದ.

ಹೋದ ವರ್ಷ ಹತ್ತಿಯ ಸುಗ್ಗಿಯಲ್ಲಿ ಈರೇಶ ಎಂಬ ವ್ಯಾಪಾರಿ ಜರೀನಾಬಿಯ ಕಡೆಯಿಂದ ಹೊಸ ಕಾಟಾ ತರಿಸಿದ. ನಮ್ಮಲ್ಲಿ ಹೊಸ ಕಾಟಾ ತಂದ ತಿಂಗಳೊಳಗೆ ಒಂದು ಚೀಲ ಜೋಳವನ್ನು ಅದರಲ್ಲೇ ತೂಗಿ ಮಠದ ದಾಸೋಹಕ್ಕೆ ಕಳಿಸುವ ಪದ್ಧತಿ. ಈರೇಶನೂ ಕಳಿಸಿದ. ಮರುದಿನ ದಾಸೋಹದ ಉಗ್ರಾಣ ನೋಡಿಕೊಳ್ಳುವ ಮಡಿವಾಳೆಪ್ಪ ಜರೀನಾಬಿಯ ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ.

"ಚಾಚಿ, ಸಾಹುಕಾರರು ಐವತ್ತ ಕೆಜಿ ಅಂತ ಕಳಸ್ಯಾರ. ನಮ್ಮ ಕಾಟಾದಾಗ ಐವತ್ತೆರಡ ಆಗೇತಿ. ತಪ್ಪಿ ಬಂದಿದ್ರ ತಿರುಗಿ ಕೊಡೂಣು ಅಂತ ಕೇಳಾಕ ಬಂದೆ."

ದಾಸೋಹದಲ್ಲಿದ್ದದ್ದು ಹಿರಿಯರ ಕಾಲದ ಸರಿತೂಕ. ಈರೇಶನ ಕೈ ಯಾವಾಗ ಇಷ್ಟು ಉದಾರವಾಯಿತು ಎಂದು ನಾನು ನಕ್ಕೆ. ಜರೀನಾಬಿ ನಗಲಿಲ್ಲ. ಅದೇ ಚೀಲವನ್ನು ಹೊರಿಸಿಕೊಂಡು ಈರೇಶನ ಅಂಗಡಿಗೆ ಹೋಗಿ ಹೊಸ ಕಾಟಾದ ಮೇಲೆ ಇಡಿಸಿದಳು. ಐವತ್ತು ತೋರಿಸಿತು. ಆಗ ನನಗೂ ತಿಳಿಯಿತು. ಆ ಕಾಟಾ ಮೇಲಿಟ್ಟ ಪ್ರತಿ ಚೀಲದಲ್ಲೂ ಎರಡು ಕೆಜಿ ನುಂಗುತ್ತಿತ್ತು. ದಾನದ ಚೀಲವನ್ನೂ ಅದರಲ್ಲೇ ತೂಗಿದರೆ ಹೆಚ್ಚು ಹೋಗುತ್ತದೆ ಎನ್ನುವುದನ್ನು ಈರೇಶ ಮರೆತಿದ್ದ. ರೈತರನ್ನು ದೋಚುವ ಯಂತ್ರದಿಂದ ದೇವರಿಗೆ ಹೆಚ್ಚು ತೂಗಿ ಸಿಕ್ಕಿಬಿದ್ದ.

ಅವನಿಗೆ ನಾಚಿಕೆಯೂ ಇರಲಿಲ್ಲ. "ನಾ ಏನ ಕೈ ಹಾಕಿಲ್ಲ ಚಾಚಿ. ಕಂಪನಿಯವರು ಸೆಟ್ಟಿಂಗ್ ಮಾಡಿ ಕಳಸ್ಯಾರ. ಹುಬ್ಬಳ್ಳಿಗೆ ಹೋಗಿ ಕೇಳ್ರಿ."

ಹಿಂದಿನ ವಾರವಷ್ಟೇ ನನ್ನ ಹತ್ತಿಯನ್ನೂ ಅದೇ ಕಾಟಾದ ಮೇಲೆ ತೂಗಿಸಿದ್ದೆ. ನಾನು ನನ್ನ ಕಡೆಯ ಅಂಕಿಯನ್ನು ಕಣ್ಣಾರೆ ಓದಿ, ಸರಿ ಇದೆ ಎಂದು ತಲೆ ಆಡಿಸಿದ್ದೆ. ಎರಡು ಮುಖ ಇದ್ದರೇನು, ಎರಡೂ ಕಡೆ ಒಂದೇ ಸುಳ್ಳು. ನನ್ನ ಮೈ ಉರಿದು ಹೋಯಿತು.

ಜರೀನಾಬಿ ಅವತ್ತೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಹೇಮಂತ ಎದ್ದು ನಿಂತು, ಕುರ್ಚಿ ಕೊಟ್ಟು, ಮೆತ್ತಗೆ ಮಾತಾಡಿದ.

"ಚಾಚಿ, ಸ್ವಲ್ಪ ತಿಳಕೋರಿ. ಕಾಟಾ ತೊಗೊಳ್ಳಾಂವ ವ್ಯಾಪಾರಿ. ಆತ ಕೇಳಿದ್ದು ಕೊಡಲಿಲ್ಲಂದ್ರ ದಿಲ್ಲಿ ಕಾಟಾ ತರಸ್ತಾನ. ಕಂಪನಿ ಉಳೀಬೇಕಲ್ರಿ?"

"ರೊಕ್ಕಾ ಕೊಡಾಂವ ವ್ಯಾಪಾರಿ, ನಂಬಾಂವ ರೈತ" ಎಂದಳು ಜರೀನಾಬಿ. "ರೈತ ನಂಬ್ಯಾನ ಅಂತನ ವ್ಯಾಪಾರಿ ನಿಮ್ಮಪ್ಪನ ಕಾಟಾ ತೊಗೊಂಡಾನ. ಆ ರೈತನ್ನ ಮಾರಕೊಂಡ ಮ್ಯಾಲೆ ನಿನ್ನ ಕಾಟಾಕ್ಕೂ ದಿಲ್ಲಿ ಕಾಟಾಕ್ಕೂ ಏನ ಫರಕ ಉಳೀತು? ಸುಳ್ಳನ ಬೇಕಂದ್ರ ಆತ ಅಗ್ಗದ್ದು ತೊಗೋತಾನ, ನಿಂದ್ಯಾಕ ತೊಗೋತಾನ?"

ಹೇಮಂತ ಕೇಳಿದ. "ಈಗ ಏನ ಮಾಡ್ಲಿ ಅಂತೀರಿ?"

"ಇಂಥಾ ಕಾಟಾ ಎಷ್ಟ ಕೊಟ್ಟಿ, ಎಲ್ಲಾ ವಾಪಸ ತೊಗೊ. ತಗದ ಹಾಕಿದ ರಿಪೇರಿಯವರನ್ನ ಕರಕೊ. ಸಂತಿ ದಿನಾ ಬಂದು, ರೈತರ ಮುಂದ ನಿಂತು ಖರೇ ಹೇಳು. ಒಂದ ವರ್ಷ ಹೊಟ್ಟಿ ಕಟ್ಟಬೇಕಾಕ್ಕೈತಿ. ಆಮ್ಯಾಲೆ ಮಂದಿ ತಾವ ಬರ್ತಾರ. ನಮ್ಮ ಮಂದಿ ಖರೇ ಹೇಳಿದಾಂವನ್ನ ಬಿಟ್ಟ ಹಾಕೂದಿಲ್ಲ."

ಮುಂದಿನ ಸಂತೆಗೆ ಅವನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬಂದ. ಇಸ್ತ್ರಿ ಅಂಗಿ ಹಾಕಿಕೊಂಡು, ಕಾರನ್ನು ಮಾರ್ಕೆಟ್ಟಿನ ಗೇಟಿನ ಹೊರಗೆ ನಿಲ್ಲಿಸಿ, ನಡೆದುಕೊಂಡೇ ಬಂದ. ನಾಲಿಗೆ ಕಚ್ಚಿಕೊಳ್ಳುವಂತಾಯಿತು ನನಗೆ. ಮಡಿವಾಳೆಪ್ಪ ದಾಸೋಹದ ಕಾಟಾ ತಂದು ಈರೇಶನ ಕಾಟಾದ ಪಕ್ಕದಲ್ಲಿ ಇಟ್ಟಿದ್ದ. ಮೊದಲು ನನ್ನ ಚೀಲವನ್ನು ಎರಡರ ಮೇಲೂ ಇಟ್ಟರು. ಅಂಕಿಗಳನ್ನು ಎಲ್ಲರೂ ನೋಡಿದರು. ಗುಂಪು ಒತ್ತಿ ಬಂತು. ಈರೇಶ ಮೆಲ್ಲಗೆ ಷಟರ್ ಎಳೆದುಕೊಂಡ. ಇನ್ನು ಹೇಮಂತ ಬಾಯಿ ತೆರೆಯುವುದಷ್ಟೇ ಉಳಿದಿತ್ತು. ಖರೇ ಹೇಳಿದ್ದರೆ ಬೈಯುತ್ತಿದ್ದರು, ಬೈದು ಒಪ್ಪುತ್ತಿದ್ದರು. ನಾನೇ ಒಪ್ಪುತ್ತಿದ್ದೆ.

"ಎಲ್ಲರಿಗೂ ನಮಸ್ಕಾರ. ನಮ್ಮ ಕಾಟಾದಲ್ಲಿ ಒಂದು ಸಣ್ಣ ತಾಂತ್ರಿಕ ದೋಷ ಕಂಡುಬಂದಿದೆ. ಅದನ್ನು ಪುಕ್ಕಟೆ ಸರಿಪಡಿಸಿ ಕೊಡುತ್ತೇವೆ" ಎಂದ.

ಹತ್ತಿ ಚೀಲದ ಮೇಲೆ ಕೂತಿದ್ದ ಮುದುಕಿ ರೇವವ್ವ ಕೇಳಿದಳು. "ದೋಷ ಅಂದ್ರ ಒಮ್ಮೆರೆ ನಮಗ ಲಾಭಾಗೂವಂಗ ಹೆಚ್ಚಿಗಿ ತೋರಸಬೇಕಿತ್ತಲ್ಲೋ ತಮ್ಮಾ? ಒಂದ ದಿನಾನೂ ಯಾಕ ತೋರಸಲಿಲ್ಲ?"

ಜರೀನಾಬಿ ಹೇಮಂತನ ಮುಖ ನೋಡುತ್ತ ಕಾಯ್ದಳು. ಈಗಲಾದರೂ ಹೇಳಲಿ ಎಂದು ಕಾಯ್ದಳು. ಅವನು ಕಿಸೆಯಿಂದ ಫೋನು ತೆಗೆದು ನೋಡತೊಡಗಿದ.

"ದೋಷ ಅಲ್ಲ ರೇವವ್ವಕ್ಕ, ಕಳವು" ಎಂದಳು ಜರೀನಾಬಿ. "ನಾವು ಕದ್ದೇವಿ."

"ಚಾಚಿ, ನಾವು ಅನಬ್ಯಾಡ್ರಿ, ಕೇಸ್ ಆಕ್ಕೈತಿ" ಎಂದು ಹೇಮಂತ ಹಲ್ಲಿನ ಸಂದಿಯಲ್ಲೇ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದ. ಅಪ್ಪ ಕಟ್ಟಿದ ಹೆಸರನ್ನು ಉಳಿಸಿಕೊಳ್ಳಲು ಒಂದೇ ಒಂದು ಮಾತು ಬೇಕಿತ್ತು, ಅದನ್ನು ಕೂಡ ಆ ಹೇಡಿಯ ಕೈಲಿ ಆಡಲಾಗಲಿಲ್ಲ.

"ನೀ ಕದ್ದಿಲ್ಲ ಬಿಡ ಜರೀನಾ, ನಿನಗ ಗೊತ್ತಿರಲಿಲ್ಲ" ಎಂದಳು ರೇವವ್ವ.

"ಇವತ್ತಿನ ತನಕ ನೀವು ಆತನ ಮುಖಾ ನೋಡಿದ್ರೇನು?" ಜರೀನಾಬಿಯ ಧ್ವನಿ ಏರಿತು. "ನನ್ನ ಮುಖಾ ನೋಡಿ ಕಾಟಾದ ಮ್ಯಾಲೆ ಹತ್ತಿ ಇಟ್ಟೀರಿ. ಪೆಟ್ಟಿಗಿ ಬಿಚ್ಚಿ ನೋಡದ ಮಾರೀನಿ ನಾ. ನನಗ ಗೊತ್ತಿರಲಿಲ್ಲ ಅನ್ನೂದು ನಿಮಗೇನ ಉಪಯೋಗ?"



"ಅದೂ ಖರೇನ" ಎಂದಳು ರೇವವ್ವ. ದಬ್ಬಣ ತೆಗೆದು, ತೂಗಿಸಲೆಂದು ಬಿಚ್ಚಿದ್ದ ಚೀಲದ ಬಾಯಿಯನ್ನು ಮತ್ತೆ ಹೊಲಿಯತೊಡಗಿದಳು.