ಅಜ್ಜಿಯ ಗೆಡ್ಡೆ, ನನ್ನ ನಲ್ಲಿಮೂಳೆ

ಅದು ಯುದ್ಧದ ಕಾಲ, ಎಲ್ಲರ ಬಾಯಲ್ಲೂ ಸೈನಿಕರದೇ ಮಾತು. ಒಕ್ಕಣೆಗೆ ಕೈಜೋಡಿಸಲೆಂದು ಪೂರಿಗಾಲಿಯ ಮಾವನ ಮನೆಗೆ ಹೋದವನು ಒಕ್ಕಣೆ ಮುಗಿದರೂ ಅಲ್ಲೇ ಇದ್ದೆ. ಕಾರಣ ನಲ್ಲಿಮೂಳೆ. ಬಾಡೂಟದಲ್ಲಿ ಮಜ್ಜೆ ತುಂಬಿದ ಆ ಮೂಳೆ ಅಳಿಯನ ಎಲೆಗೇ ಬೀಳಬೇಕೆಂಬುದು ನಮ್ಮ ಕಡೆಯ ಕಟ್ಟಳೆ.

ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡೆ. ಹೆಂಡತಿಯ ಅಜ್ಜಿಗೆ ಕತ್ತಿನ ಹಿಂದೊಂದು ಗೆಡ್ಡೆಯಿತ್ತು. ದೊಡ್ಡ ಮನಸ್ಸು ಮಾಡಿ ಅವರನ್ನು ಬಸ್ಸಿನಲ್ಲಿ ಮಂಡ್ಯದ ಡಾಕ್ಟರ ಬಳಿಗೆ ಕರೆದೊಯ್ದೆ. ಡಾಕ್ಟರು ಗೆಡ್ಡೆಯನ್ನು ಒತ್ತಿ ನೋಡಿ, "ಹೆದರಬೇಡಿ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ಸೈನಿಕರು ಹುಟ್ಟುತ್ತಾರೆ. ಗೆಡ್ಡೆಯ ಮೇಲೆ ಯುದ್ಧಕ್ಕೆ ಹೋಗುವವರು ಅವರೇ" ಎಂದರು. ಹೇಳದೆ ಇದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಮುಂದಿನ ಬಾಡೂಟದಲ್ಲಿ ನನ್ನ ಎಲೆಗೆ ಬರುತ್ತಿದ್ದ ಮೂಳೆಯನ್ನು ಅಜ್ಜಿ ತಮ್ಮ ಎಲೆಗೆ ಹಾಕಿಸಿಕೊಂಡರು. "ಸೈನಿಕ್ರು ಬೇಕು ಕಣಪ್ಪ" ಎಂದು ಲೊಚಲೊಚನೆ ಹೀರಿದರು. ಬೇಸಿಗೆ ಪೂರ್ತಿ ನಾನು ಬರೀ ಸಾರಿನಲ್ಲಿ ಮುದ್ದೆ ನುಂಗಿದೆ.

ಗೆಡ್ಡೆ ಮಾತ್ರ ಕರಗಲಿಲ್ಲ. ಮತ್ತೆ ಹೋದಾಗ ಡಾಕ್ಟರು ನಕ್ಕು, "ಎಲ್ಲ ಸೈನಿಕರೂ ಹೊಡೆದಾಡುವುದಿಲ್ಲ. ಕೆಲವರು ಗೆಡ್ಡೆಯಲ್ಲೇ ಠಿಕಾಣಿ ಹೂಡಿ ಅದನ್ನೇ ಬೆಳೆಸುತ್ತಾರೆ" ಎಂದರು. ಇನ್ನು ಮೂಳೆ ನನ್ನದೇ ಎಂದು ದಾರಿಯುದ್ದಕ್ಕೂ ಹಿಗ್ಗಿದೆ.

ಮನೆಗೆ ಬಂದೊಡನೆ ಅತ್ತೆ, "ಏನಂದ್ರು ಡಾಕ್ಟ್ರು?" ಎಂದು ಕೇಳಿದರು.

ಅಜ್ಜಿ ನನ್ನನ್ನೊಮ್ಮೆ ನೋಡಿದರು. "ಕೆಲ್ಸಕ್ಕೆ ಅಂತ ಬಂದವ್ರು ಕೆಲ್ಸ ಬುಟ್ಟು, ಉಂಡ್ಕಂಡು ಅಲ್ಲೇ ಕುಂತವ್ರಂತೆ ಕಣಮ್ಮ. ನಮ್ಮ ಅಳಿಮಯ್ಯನಂಗೆ."