ಬಚ್ಚಲಿಗೆ ಬಂದ ಹೊಸ್ತಿಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರಾಯಬಾಗದ ಹೊರಗೆ ಕಬ್ಬಿನ ನಡುವೆ ಸಾವಕಾರ ಭೂಪಾಲ ಅವರು ಕಟ್ಟಿಸಿದ ಹೊಸ ಬಂಗಲೆ. ಅದರ ಬಚ್ಚಲಲ್ಲಿ ಬಡಿಗ ಮಾಯಪ್ಪ ಮಂಡಿಯೂರಿ, ತಾವೇ ಮಾಡಿದ ವಾಶ್‌ಬೇಸಿನ್ ಕಪಾಟಿನ ಅಡಿಹಲಗೆ ಬಿಚ್ಚುತ್ತಿದ್ದಾರೆ. ಹಲಗೆಯಿಂದ ಕೆಂಪು ನೀರು ಒಸರುತ್ತಿದೆ. ಭೂಪಾಲರ ಹೆಂಡತಿ ಕಸ್ತೂರೆವ್ವ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಿದ್ದಾರೆ.

“ದಿನಾ ಒರಸ್ತೀನಿ ಮಾಯಪ್ಪಣ್ಣಾ. ಮುಂಜಾನಿ ಎದ್ದು ನೋಡಿದ್ರ ಮತ್ತ ಐತಿ.”

ಈ ಸೀಮೆಯ ಬಚ್ಚಲುಗಳ ರೂಪ ಬದಲಿಸಿದ ಕೈ ಮಾಯಪ್ಪನವರದು. ೧೯೮೦ರ ಸುಮಾರಿಗೆ ಸಾಬೂನಿಡಲು ಗೋಡೆಯ ಗೂಡು ಸಾಕಿತ್ತು. ಆಮೇಲೆ ನಿಪ್ಪಾಣಿ ಪೇಟೆಯಿಂದ ಕನ್ನಡಿ ಕೂರಿಸಿದ ತಗಡಿನ ಡಬ್ಬಿ ಬಂತು. ಕಬ್ಬು, ದ್ರಾಕ್ಷಿ ಬೆಳೆದು ದುಡ್ಡು ಕಂಡವರು ಕೊಲ್ಹಾಪುರದಲ್ಲಿ ಕಂಡದ್ದನ್ನು ಕೇಳತೊಡಗಿದರು. ಮೊದಲು ಗುಲಾಬಿ ಸನ್‌ಮೈಕಾ; ಈಗ, ತೊಂಬತ್ನಾಲ್ಕರಲ್ಲಿ, ಮೊಟ್ಟೆಯಾಕಾರದ ಕನ್ನಡಿ, ಪಾಲಿಶ್ ಮಾಡಿದ ಸಾಗವಾನಿ.

“ಬಚ್ಚಲಕ್ಕ ಬಡಿಗ್ಯಾ ಯಾಕ ಅಂತ ನಗತಿದ್ರು,” ಎನ್ನುತ್ತಾರೆ ಮಾಯಪ್ಪ. “ಈಗ ಬೀಗರು ಬಂದ್ರ ದೇವರ ಖೋಲಿ ಬಿಟ್ಟು ಮೊದಲ ಬಚ್ಚಲ ತೋರಸ್ತಾರ್ರಿ.”

ಈ ಕಪಾಟಿಗೆ ಭೂಪಾಲರು ಕೊಟ್ಟದ್ದು ಕೆಡವಿದ ಹಳೆಮನೆಯ ಕಟ್ಟಿಗೆ. ರಾಶಿಯಲ್ಲಿ ಮಗುಚಿ ಬಿದ್ದಿದ್ದ ದಪ್ಪ ತುಂಡೊಂದನ್ನು ಮಾಯಪ್ಪ ಸೀಳಿ ಅಡಿಹಲಗೆ ಮಾಡಿದರು. ಅದು ತಲೆಬಾಗಿಲ ಹೊಸ್ತಿಲೆಂದು ಆಮೇಲೆ ತಿಳಿಯಿತು. ಕಸ್ತೂರೆವ್ವನವರ ತೀರಿಹೋದ ಅತ್ತೆ ಶಿವಗಂಗವ್ವ ಬದುಕಿರುವ ತನಕ ಅರಿಷಿಣ ಬಳಿದ ಹೊಸ್ತಿಲು.

“ಅರಿಷಿಣಕ್ಕ ಸಾಬಾಣ ನೀರು ಹತ್ತಿದ್ರ ಕೆಂಪಾಗತೈತಿ, ಯಾರಿಗೆ ಗೊತ್ತಿಲ್ಲ? ಆದ್ರ ಹಲಗಿ ತೆಳ್ಳಗ ಆಗೂತನ ರಂದಾ ಹೊಡದೀನ್ರಿ. ಇನ್ನ ಅರಿಷಿಣ ಎಲ್ಲಿ ಉಳದೈತಿ?”

“ನಾವು ಮನಿಗಿ ಕೀಲಿ ಹಾಕಿ ನಾಕ ದಿನ ತೆಲಸಂಗ ಊರಿಗಿ ಹೋಗಿದ್ವಿ,” ಕಸ್ತೂರೆವ್ವ ದನಿ ತಗ್ಗಿಸುತ್ತಾರೆ. “ಹನಿ ನೀರು ಬಿದ್ದಿದ್ದಿಲ್ಲ. ಬಂದು ನೋಡಿದ್ರ ಹಸೀನ ಇತ್ತು.”

ಸುದ್ದಿ ಏಕಸಂಬಿ ಮುಟ್ಟಿದೆ. ಅಲ್ಲಿನ ದ್ರಾಕ್ಷಿ ಬೆಳೆಗಾರ ಆಬಾಸಾಹೇಬರು ತಾವು ಮಾಡಲು ಹೇಳಿದ್ದ ಕಪಾಟು ಬೇಡವೆಂದಿದ್ದಾರೆ. “ಸಂತ್ಯಾಗ ‘ರಕ್ತದ ಕಪಾಟಿನಾಂವ ಬಂದ’ ಅಂತಾರ್ರಿ. ಇನ್ನ ನನ್ನ ಯಾರ ಕೆಲಸಕ್ಕ ಕರೀತಾರ?” ಎನ್ನುತ್ತಾರೆ ಮಾಯಪ್ಪ.

ಹಲಗೆ ಕಳಚುತ್ತದೆ, ಹೊಸದು ಕೂರುತ್ತದೆ. ಹಳೆಯದನ್ನು ಅಂಗಳದ ಗೋಡೆಗೆ ಒರಗಿಸಿದ ಸ್ವಲ್ಪ ಹೊತ್ತಿಗೇ ಬುಡದ ಮಣ್ಣು ಒದ್ದೆಯಾಗಿದೆ.

“ಒಲಿಗಿ ಹಾಕು ಅತ್ತಾಗ, ಪೀಡಾ ಹೋಗ್ಲಿ,” ಎನ್ನುತ್ತಾರೆ ಹೊರಗೆ ಬಂದ ಭೂಪಾಲ.

“ಸುಡಬ್ಯಾಡ್ರಿ ಸಾವಕಾರ, ನನಗ ಕೊಡ್ರಿ. ಬಾಗಲದಾಗಿನ ಶಿವಗಂಗವ್ವ ಆಯೀನ ಬಚ್ಚಲದಾಗ ಕೂಡಿಸಿದಾಂವ ನಾನ.”

“ಅಂಜಿಕಿ ಆಗೂದಿಲ್ಲೇನಣ್ಣಾ?” ಕಸ್ತೂರೆವ್ವ ಕೇಳುತ್ತಾರೆ.

“ಆಗತೈತ್ರಿ ಅಕ್ಕಾರ.” ಮಾಯಪ್ಪ ಹಲಗೆಯನ್ನು ಹೆಗಲಿಗೇರಿಸುತ್ತಾರೆ. “ಆದ್ರ ಮಂದಿ ಬಚ್ಚಲ ಸಿಂಗಾರ ಮಾಡ್ಕೋತ ನಮ್ಮನಿ ಬಾಗಲಕ್ಕ ಇನ್ನೂ ಹೊಸ್ತಿಲಾ ಇಟ್ಟಿಲ್ಲ. ಇದನ್ನ ಅಲ್ಲಿ ಕೂಡಸ್ತೀನಿ, ನಾಳೆ ನಮ್ಮ ಮನಿಯಾಕಿ ಅರಿಷಿಣ ಹಚ್ಚಲಿ. ಒಣಗಿತಂದ್ರ, ಆಬಾಸಾಹೇಬ್ರು ಬಂದು ದಾಟಿ ನೋಡ್ಲಿ.”